ಹಳೇ ಮಿನಿ ಟ್ರ್ಯಾಕ್ಟರ್ ತಗೊಳ್ಳೋಣ ಅಂತಿದ್ದೀನಿ, ಮೆಕ್ಯಾನಿಕ್ ಅಣ್ಣ ಸ್ವಲ್ಪ ಹೇಳಿ

ಪ್ರಶ್ನೆ (ಗುಬ್ಬಿ ತಾಲ್ಲೂಕು):
ಅಣ್ಣಾ ನಮಸ್ಕಾರ. ಮೂರು ಎಕರೆ ಅಡಿಕೆ ಇದೆ, 9 ಅಡಿ ಸಾಲು, ಬದುವಿನಲ್ಲಿ ತೆಂಗು. ಮಳೆ ಬಿದ್ದು ಹದ ಬಂದ ದಿನ ಊರಿಗೆಲ್ಲಾ ಒಂದೇ ಬಾಡಿಗೆ ಗಾಡಿ, ನಮ್ಮ ಸರದಿ ಬರೋ ಹೊತ್ತಿಗೆ ನೆಲ ಕಲ್ಲಾಗಿರುತ್ತೆ. ಅದಕ್ಕೆ ಹಳೇದೊಂದು ಸ್ವಂತಕ್ಕೆ ತಗೊಳ್ಳೋಣ ಅಂತ. ಎರಡು ನೋಡಿದ್ದೀನಿ. ಒಂದು 2012ರ ಮಿತ್ಸುಬಿಷಿ ಶಕ್ತಿ 180ಡಿ, ಬಣ್ಣ ಹೊಸದು. ಇನ್ನೊಂದು 2016ರ ಮಹೀಂದ್ರ ಯುವರಾಜ್ 215, ನೋಡೋಕೆ ಗಲೀಜು. ಯಾವುದು ತಗೊಳ್ಳಲಿ?

ಉತ್ತರ (ಮೆಕ್ಯಾನಿಕ್, ತುಮಕೂರು):
ಎರಡೂ ನಿಮ್ಮ ಸಾಲಿನಲ್ಲಿ ಓಡಾಡುತ್ತವೆ. ಶಕ್ತಿ 18.5 ಎಚ್‌ಪಿ, ಮೂರು ಸಿಲಿಂಡರ್, ಅದುರೋದು ಕಡಿಮೆ. ಯುವರಾಜ್ 15 ಎಚ್‌ಪಿ, ಒಂದೇ ಸಿಲಿಂಡರ್, ಸ್ವಲ್ಪ ಕುಣಿಯುತ್ತೆ, ಆದರೆ ನಾಳೆ ಎಂಜಿನ್ ಬಿಚ್ಚಬೇಕಾಗಿ ಬಂದರೆ ಒಂದೇ ಪಿಸ್ಟನ್, ಒಂದೇ ಸೆಟ್ ರಿಂಗ್. ಹಳೇ ಗಾಡಿಯಲ್ಲಿ ಕಂಪನಿ ಹೆಸರು ಆಮೇಲೆ, ಓಡಿಸಿದವನ ಕೈ ಮೊದಲು. ಮತ್ತೆ ಹೊಸ ಬಣ್ಣ ಕಂಡರೆ ನನಗೆ ಮೊದಲು ಅನುಮಾನವೇ ಬರೋದು. ಎಣ್ಣೆ ಎಲ್ಲಿಂದ ಸೋರುತ್ತಿತ್ತು ಅನ್ನೋದನ್ನು ಬಣ್ಣ ಮುಚ್ಚಿಬಿಡುತ್ತೆ. ಗಲೀಜು ಗಾಡಿ ಸುಳ್ಳು ಹೇಳಲ್ಲ.

ಹೋಗುವ ಮುಂಚೆ ಫೋನ್ ಮಾಡಿ, ನಾವು ಬರೋವರೆಗೂ ಸ್ಟಾರ್ಟ್ ಮಾಡಬೇಡಿ ಅಂತ ಹೇಳಿ. ಹೋದ ತಕ್ಷಣ ಬಾನೆಟ್ ಮುಟ್ಟಿ ನೋಡಿ, ತಣ್ಣಗಿರಬೇಕು. ಮೊದಲೇ ಬಿಸಿ ಮಾಡಿಟ್ಟಿದ್ದರೆ ಸ್ಟಾರ್ಟಿಂಗ್ ತೊಂದರೆ ಗೊತ್ತಾಗಲ್ಲ. ಸೆಲ್ಫ್ ಹೊಡೆದರೆ ಬೇಗ ಹತ್ತಿಕೊಳ್ಳಬೇಕು. ಮೊದಲು ಸ್ವಲ್ಪ ಹೊಗೆ ಬಂದು ನಿಂತರೆ ತೊಂದರೆ ಇಲ್ಲ. ಬಿಸಿಯಾದ ಮೇಲೂ ನೀಲಿ ಹೊಗೆ ಬರ್ತಾನೇ ಇದ್ದರೆ ಎಂಜಿನ್ ಆಯಿಲ್ ಸುಡ್ತಿದೆ ಅಂತ ಅರ್ಥ. ಎಂಜಿನ್ ಓಡುವಾಗಲೇ ಆಯಿಲ್ ಹಾಕೋ ಮುಚ್ಚಳ ತೆಗೆಯಿರಿ. ಬುಸ್ ಬುಸ್ ಅಂತ ಒಲೆ ಊದಿದ ಹಾಗೆ ಹೊಗೆ ಬಂದರೆ ರಿಂಗ್ ಹೋಗಿದೆ, ಆ ಖರ್ಚನ್ನು ರೇಟಿನಲ್ಲಿ ಕಳೆದು ಮಾತಾಡಿ, ಇಲ್ಲಾಂದ್ರೆ ಎದ್ದು ಬನ್ನಿ.

ಆಮೇಲೆ ಲಿಫ್ಟ್. ಹಿಂದೆ ಕಟ್ಟೋ ರೋಟವೇಟರ್ (ಮಣ್ಣು ಪುಡಿ ಮಾಡೋದು) ಪೂರ್ತಿ ಎತ್ತಿ, ಎಂಜಿನ್ ಆಫ್ ಮಾಡಿ, ಟೀ ಕುಡಿಯಿರಿ. ಟೀ ಮುಗಿಯೋದರೊಳಗೆ ನೆಲಕ್ಕೆ ಕೂತಿದ್ದರೆ ಹೈಡ್ರಾಲಿಕ್ ಸೀಲ್ ಕೆಲಸ ಇದೆ.

ಅವರ್ ಮೀಟರ್ ನಂಬಬೇಡಿ, ವೈರ್ ಕಿತ್ತರೆ ನಿಂತೇ ಹೋಗುತ್ತೆ. ನಾನು ನೋಡೋದು ಬ್ರೇಕ್ ಪೆಡಲ್. ಟ್ರ್ಯಾಕ್ಟರಿಗೆ ಎಡ ಬಲ ಬೇರೆ ಬೇರೆ ಬ್ರೇಕ್ ಅಲ್ವಾ, ತೋಟದಲ್ಲಿ ಪ್ರತಿ ಸಾಲಿನ ಕೊನೆಗೂ ಒಂದನ್ನೇ ತುಳಿದು ತಿರುಗಿಸ್ತಾರೆ. ಒಂದು ಪೆಡಲ್ ಸವೆದು ಕನ್ನಡಿ ಹಾಗೆ ಹೊಳೀತಿದ್ದು, ಮೀಟರ್ ಮಾತ್ರ 900 ಗಂಟೆ ತೋರಿಸ್ತಿದ್ದರೆ ನೀವೇ ಲೆಕ್ಕ ಹಾಕಿಕೊಳ್ಳಿ. ಅಂಥ ಗಾಡಿಯ ಮುಂದಿನ ಚಕ್ರ ಜಾಕ್ ಹಾಕಿ ಎತ್ತಿ ಅಲ್ಲಾಡಿಸಿ, ಬುಷ್ ಸವೆದಿದ್ದರೆ ಕಟಕಟ ಅನ್ನುತ್ತೆ.

ಗದ್ದೆ ಕೆಸರಿಗೆ ಇಳಿಸಿದ್ದಾರಾ ಅಂತಲೂ ಕೇಳಿ. ಇಳಿಸಿದ್ದರೆ ಹಿಂದಿನ ಗೇರ್ ಆಯಿಲ್ ಸ್ವಲ್ಪ ಬಿಟ್ಟು ನೋಡಿ. ಹಾಲು ಬೆರೆಸಿದ ಟೀ ಬಣ್ಣ ಇದ್ದರೆ ಒಳಗೆ ನೀರು ಹೋಗಿದೆ.

ಇನ್ನೊಬ್ಬರು (ತಿಪಟೂರು):
ಸರ್, ಅದೇ ದುಡ್ಡಿಗೆ ಹಳೇ 35 ಎಚ್‌ಪಿ ದೊಡ್ಡದೇ ಸಿಗುತ್ತೆ. ಸುಮ್ನೆ ಚಿಕ್ಕದು ಯಾಕೆ?

ಉತ್ತರ:
ನಿಮ್ಮದು ತೆಂಗಿನ ತೋಟ ಇರಬೇಕು, 25-30 ಅಡಿ ಅಂತರ, ದೊಡ್ಡದೇ ತಗೊಳ್ಳಿ ಸ್ವಾಮಿ. ಅಡಿಕೆಯಲ್ಲಿ ಅದರ ಮಡ್‌ಗಾರ್ಡ್ ಮರಕ್ಕೆ ಉಜ್ಜುತ್ತೆ, ತಿರುಗಿಸೋಕೆ ಜಾಗ ಸಾಲಲ್ಲ, ಹಸಿ ನೆಲದಲ್ಲಿ ಭಾರಕ್ಕೆ ಮಣ್ಣು ಗಟ್ಟಿಯಾಗುತ್ತೆ. ಅಡಿಕೆ ಬೇರು ಮೇಲೇ ಇರೋದು. ಮಿನಿ ಗಾಡಿ ಆದರೂ ಬುಡದ ಹತ್ತಿರ ರೋಟವೇಟರ್ ಆಳಕ್ಕೆ ಬಿಡಬೇಡಿ, ಮೇಲಿನ ಕಳೆ ಕೆರೆದರೆ ಸಾಕು.

ಇನ್ನೊಬ್ಬರು (ಕುಣಿಗಲ್):
ಪೇಪರ್ ಬಗ್ಗೆನೂ ಹೇಳಿ ಅಣ್ಣ. ನಮ್ಮ ಭಾವ ಆರ್‌ಸಿ ನೋಡದೇ ತಗೊಂಡು ಎರಡು ವರ್ಷ ಅಲೆದಾಡಿದರು.

ಉತ್ತರ:
ಆರ್‌ಸಿ ಮೇಲೆ ಬ್ಯಾಂಕಿನ ಹೆಸರಿದ್ದರೆ ಸಾಲ ಇತ್ತು ಅಂತ. ಸಾಲ ತೀರಿದೆ ಅನ್ನೋ ಬ್ಯಾಂಕಿನ ಎನ್‌ಒಸಿ ಮತ್ತು ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸೋ ಫಾರಂ 35 ಕೈಗೆ ಬರದೇ ಪೂರ್ತಿ ದುಡ್ಡು ಕೊಡಬೇಡಿ. ಹೆಸರು ಬದಲಿಸೋಕೆ ಫಾರಂ 29, 30. ನೋಂದಣಿ 15 ವರ್ಷಕ್ಕೆ, ಅಂದರೆ 2012ರ ಗಾಡಿಗೆ 2027ರಲ್ಲಿ ಮತ್ತೆ ಮಾಡಿಸಬೇಕು. ಟ್ರೇಲರ್ ಜೊತೆಗೆ ಕೊಡ್ತೀವಿ ಅಂದರೆ ಅದಕ್ಕೆ ಬೇರೆ ಆರ್‌ಸಿ ಇದೆಯಾ ಕೇಳಿ.

ಇನ್ನೊಂದು ಮರೆತಿದ್ದೆ. ನನ್ನ ಹತ್ತಿರ ಬರೋ ರೋಟವೇಟರ್‌ಗಳಲ್ಲಿ ಜಾಸ್ತಿ ಹಾಳಾಗೋದು ಡ್ರಿಪ್ ಪೈಪಿನಿಂದ. ಪೈಪ್ ಎತ್ತಿ ಮರಕ್ಕೆ ಸಿಕ್ಕಿಸದೇ ಹೊಡೀತಾರೆ, ಅದು ಶಾಫ್ಟಿಗೆ ಸುತ್ತಿಕೊಂಡು ಪಕ್ಕದ ಸೀಲ್ ಕೊಯ್ಯುತ್ತೆ, ಆಯಿಲ್ ಸೋರುತ್ತೆ, ಯಾರೂ ನೋಡಲ್ಲ, ತಿಂಗಳಿಗೆ ಬೇರಿಂಗ್ ಪುಡಿ. ಕೆಲಸ ಮುಗಿದ ಮೇಲೆ ಗಾಡಿ ಆಫ್ ಮಾಡಿ, ಕುಡುಗೋಲು ತಗೊಂಡು ಸುತ್ತಿದ್ದನ್ನೆಲ್ಲಾ ಕತ್ತರಿಸಿ ತೆಗೆಯಿರಿ. ನಮ್ಮ ಕೆಂಪು ಧೂಳಿಗೆ ಏರ್ ಕ್ಲೀನರಿನ ಆಯಿಲ್ ಬಟ್ಟಲನ್ನೂ ವಾರಕ್ಕೊಮ್ಮೆ ಬಿಚ್ಚಿ. ತಳದಲ್ಲಿ ಕೆಸರು ಕೂತಿದ್ದರೆ ಆಯಿಲ್ ಚೆಲ್ಲಿ ಹೊಸದು ಹಾಕಿ.

ಪ್ರಶ್ನೆ ಕೇಳಿದವರು:
ಅಣ್ಣಾ, ಇವತ್ತು ಬಣ್ಣದ ಗಾಡಿ ನೋಡೋಕೆ ಹೋಗಿದ್ದೆ. ನೀವು ಹೇಳಿದ ಹಾಗೇ ಫೋನ್ ಮಾಡಿದ್ದೆ. ಹೋಗಿ ಕೈ ಇಟ್ಟರೆ ಬಾನೆಟ್ ಸುಡ್ತಿದೆ! ಬಿಸಿಲಿಗೆ ಕಾದಿದೆ ಅಂದರು. ಗಾಡಿ ನಿಂತಿದ್ದು ಹುಣಸೆ ಮರದ ಕೆಳಗೆ.

ಉತ್ತರ:
ಹಹ್ಹಾ. ಅದನ್ನು ಬಿಡಿ. ಗಲೀಜು ಗಾಡಿ ನೋಡೋಕೆ ಭಾನುವಾರ ಬೆಳಗ್ಗೆ ಆರಕ್ಕೆ ಹೋಗೋಣ, ನಾನೂ ಬರ್ತೀನಿ. ಈ ಸಲ ಫೋನ್ ಮಾಡಬೇಡಿ.