ದೊಡ್ಡಪ್ಪ ಕಳಿಸಿದ ನ್ಯಾನೊ ಪಟ್ಟಿ

ದೊಡ್ಡಪ್ಪ (ಫಾರ್ವರ್ಡ್): ಅರಿಶಿನದ ನ್ಯಾನೊ ಬಟ್ಟೆ! ಸಕ್ಕರೆ ಕಾಯಿಲೆಯ ಗಾಯ ಒಂದೇ ವಾರದಲ್ಲಿ ಮಾಯ. ಡಾಕ್ಟರೂ ಬೇಡ, ಡ್ರೆಸಿಂಗೂ ಬೇಡ. ಎಲ್ಲರಿಗೂ ಕಳಿಸಿ.

ದೊಡ್ಡಪ್ಪ: ಅಮ್ಮನ ಕಾಲಿಗೆ ಇದನ್ನೇ ತರಿಸೋಣ. ಎಷ್ಟು ದಿನ ಅಂತ ಡ್ರೆಸಿಂಗ್ ಮಾಡಿಸುವುದು?

ಚಿಕ್ಕಪ್ಪ: ಕೆಳಗೆ ಫೋನ್ ನಂಬರ್ ಇದೆ. ಆರ್ಡರ್ ಮಾಡಿಬಿಡಲಾ ಅಣ್ಣ?

ಸೌಮ್ಯಕ್ಕ: ತಡೀರಿ ಚಿಕ್ಕಪ್ಪ. ನಮ್ಮ ಲ್ಯಾಬಿನಲ್ಲಿ ನಾನು ಮಾಡುವುದೇ ಈ ಕೆಲಸ. ಗಾಯಕ್ಕೆ ಹಾಕುವ ಇಂಥ ನ್ಯಾನೊ ಎಳೆಯ ಪಟ್ಟಿ ಇರುವುದು ನಿಜ. ಈ ಜಾಹೀರಾತು ಮಾತ್ರ ಸುಳ್ಳು.

ದೊಡ್ಡಪ್ಪ: ನಿಜ ಅಂತ ನೀನೇ ಹೇಳಿದೆಯಲ್ಲ, ಮತ್ತೇನು?

ಸೌಮ್ಯಕ್ಕ: ಕೇಳಿ. ಪಿಸಿಎಲ್ ಅನ್ನುವ ಪ್ಲಾಸ್ಟಿಕ್ಕೋ ಜೆಲಟಿನ್ನೋ ಕರಗಿಸಿ, ಔಷಧ ಬೆರೆಸಿ ಸಿರಿಂಜಿಗೆ ತುಂಬುತ್ತೇವೆ. ಸೂಜಿಗೆ 10–20 ಸಾವಿರ ವೋಲ್ಟ್ ಕೊಟ್ಟರೆ ಹನಿ ಎಳೆಯಾಗಿ ಹಾರುತ್ತದೆ. ದಾರಿಯಲ್ಲೇ ಆರಿ ಎದುರಿನ ಲೋಹದ ಹಾಳೆಯ ಮೇಲೆ ಕೂರುತ್ತದೆ. ಎಳೆ ಕೆಲವು ನೂರು ನ್ಯಾನೊಮೀಟರ್ ಅಷ್ಟೇ, ತಲೆಗೂದಲು ಅದರ ನೂರಾರು ಪಟ್ಟು ದಪ್ಪ. ಚರ್ಮದೊಳಗಿನ ಕೊಲ್ಯಾಜೆನ್ ಅನ್ನುವ ಪ್ರೊಟೀನಿನ ಜಾಲವೂ ಸುಮಾರು ಹೀಗೇ ಇರುತ್ತದೆ. ಹಾಗಾಗಿ ಜೀವಕೋಶಗಳು ಇದನ್ನು ಹಿಡಿದುಕೊಂಡು ಹರಡುತ್ತವೆ.

ನಾನು: ಔಷಧ ನಿಧಾನವಾಗಿ ಬಿಡುತ್ತದೆ ಅಲ್ವಾ?

ಸೌಮ್ಯಕ್ಕ: ಅಲ್ಲೇ ತಲೆನೋವು. ಎಳೆಯ ಮೇಲ್ಮೈಯಲ್ಲಿರುವ ಔಷಧ ಮೊದಲ ಕೆಲವು ಗಂಟೆಗಳಲ್ಲೇ ಹೊರಗೆ ಬಂದುಬಿಡುತ್ತದೆ. ಅದನ್ನು ತಡೆಯಲು ಒಂದು ಸೂಜಿಯೊಳಗೆ ಇನ್ನೊಂದು ಸೂಜಿ ಇಟ್ಟು, ಒಳಗೆ ಔಷಧ, ಹೊರಗೆ ಕವಚ ಇರುವ ಎಳೆ ಮಾಡುತ್ತಾರೆ. ಮಳೆಗಾಲದಲ್ಲಿ ಗಾಳಿ ತೇವವಾದರೆ ಆ ಎಳೆಯೂ ಸರಿಯಾಗಿ ಬರುವುದಿಲ್ಲ, ಸುಮ್ನೆ ಯಂತ್ರವನ್ನು ಬೈಯುತ್ತಾ ಕೂರಬೇಕು.

ದೊಡ್ಡಪ್ಪ: ಫಾರ್ವರ್ಡ್ ಜೊತೆಗಿರುವ ವಿಡಿಯೋದಲ್ಲಿ ಇಲಿಯ ಗಾಯ ಮುಚ್ಚಿದೆಯಲ್ಲಮ್ಮ!

ಸೌಮ್ಯಕ್ಕ: ಇಲಿಯ ಚರ್ಮ ಸಡಿಲ, ಕೆಳಗೊಂದು ತೆಳು ಸ್ನಾಯು ಬೇರೆ ಇದೆ. ಗಾಯದ ಅಂಚು ತಾನೇ ಎಳೆದುಕೊಂಡು ಮುಚ್ಚುತ್ತದೆ. ಪಟ್ಟಿ ಹಾಕದಿದ್ದರೂ ಮುಚ್ಚುತ್ತದೆ. ನಮ್ಮಲ್ಲಿ ಹೆಚ್ಚಾಗಿ ಅಂಚಿನಿಂದ ಹೊಸ ಚರ್ಮ ಬೆಳೆದು ಬರಬೇಕು. ಅಜ್ಜಿ ಇಲಿಯಲ್ಲ ದೊಡ್ಡಪ್ಪ.

ಚಿಕ್ಕಪ್ಪ: ಹ್ಹ ಹ್ಹ ಹ್ಹ

ದೊಡ್ಡಪ್ಪ: ನಗುವುದೇನಿದೆ? ಅರಿಶಿನದ ಮಹಿಮೆ ಗೊತ್ತಿದ್ದೇ ಅಮೆರಿಕದವರು ಪೇಟೆಂಟ್ ಹೊಡೆದುಕೊಂಡಿದ್ದರು.

ನಾನು: ಅದು ನಿಜ. ಗಾಯಕ್ಕೆ ಅರಿಶಿನ ಅಂತ ಮಿಸಿಸಿಪ್ಪಿ ವಿಶ್ವವಿದ್ಯಾಲಯದವರಿಗೆ 1995ರಲ್ಲಿ ಪೇಟೆಂಟ್ ಸಿಕ್ಕಿತ್ತು. ನಮ್ಮ ದೇಶದ ವಿಜ್ಞಾನ ಸಂಶೋಧನಾ ಮಂಡಳಿ ಸಿಎಸ್‌ಐಆರ್ ಹಳೆಯ ದಾಖಲೆ ತೋರಿಸಿ 1997ರಲ್ಲಿ ರದ್ದು ಮಾಡಿಸಿತು. ಆದರೆ ರದ್ದಾಗಿದ್ದು 'ಇದು ಹೊಸದಲ್ಲ' ಅನ್ನುವ ಕಾರಣಕ್ಕೆ. ಎಲ್ಲ ಗಾಯ ವಾಸಿಯಾಗುತ್ತದೆ ಅಂತ ಅಲ್ಲಿ ಯಾರೂ ಹೇಳಲಿಲ್ಲ.

ಚಿಕ್ಕಪ್ಪ: ಹಾಗಾದರೆ ಇಂಥ ಪಟ್ಟಿ ಎಲ್ಲೂ ಸಿಗುವುದೇ ಇಲ್ಲವಾ?

ಸೌಮ್ಯಕ್ಕ: ಅಮೆರಿಕದಲ್ಲಿ ರೆಸ್ಟ್ರಾಟಾ ಅಂತ ಇದೆ, ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿದೆ. ಅದರಲ್ಲಿ ಔಷಧ ಇಲ್ಲ, ಬರೀ ಎಳೆಗಳ ಹಾಳೆ. ಗಾಯ ಶುಚಿ ಮಾಡಿ ಹಾಕಬೇಕು. ಔಷಧ ಸೇರಿಸಿದರೆ ಪರೀಕ್ಷೆಗಳೂ ಜಾಸ್ತಿ, ಒಪ್ಪಿಗೆಯೂ ತಡ. ಫೋನ್ ನಂಬರಿನವನು ಅದೆಲ್ಲ ಮಾಡಿಸಿರುತ್ತಾನಾ?

ಅತ್ತೆ: ನಾನು ನರ್ಸ್ ಆಗಿದ್ದವಳು, ಈಗ ನನ್ನ ಮಾತು ಕೇಳಿ. ಅಮ್ಮನ ಗಾಯ ಇರುವುದು ಅಂಗಾಲಿನಲ್ಲಿ, ಹೆಬ್ಬೆರಳ ಬುಡದಲ್ಲಿ. ಸ್ಪರ್ಶ ಗೊತ್ತಾಗದೆ ಅದರ ಮೇಲೇ ದಿನವಿಡೀ ಅಡುಗೆಮನೆಯಲ್ಲಿ ಓಡಾಡುತ್ತಾರೆ. ಭಾರ ತಪ್ಪಿಸದೆ ಬಂಗಾರದ ಪಟ್ಟಿ ಹಾಕಿದರೂ ಅದು ಮುಚ್ಚುವುದಿಲ್ಲ. ಕಾಲಿಗೆ ರಕ್ತ ಸರಿಯಾಗಿ ಹೋಗುತ್ತಿದೆಯಾ ಅಂತ ಡಾಕ್ಟರ್ ಡಾಪ್ಲರ್ ಪರೀಕ್ಷೆ ಬರೆದುಕೊಟ್ಟಿದ್ದರಲ್ಲ, ಅಣ್ಣಾ, ಮಾಡಿಸಿದೆಯಾ?

ದೊಡ್ಡಪ್ಪ: ಅದು... ಚೀಟಿ ನನ್ನ ಹತ್ತಿರವೇ ಇದೆ.

ಚಿಕ್ಕಪ್ಪ: ಚೀಟಿ ಇಟ್ಟುಕೊಂಡು ಫಾರ್ವರ್ಡ್ ಮಾಡುತ್ತಿದ್ದೀಯಾ ಅಣ್ಣ?

ದೊಡ್ಡಪ್ಪ: ನೀನು ಆರ್ಡರ್ ಮಾಡಲು ಹೊರಟಿದ್ದೆ, ಸುಮ್ಮನಿರು.

ಅತ್ತೆ: ಗುರುವಾರ ಕರೆದುಕೊಂಡು ಹೋಗೋಣ. ಭಾರ ಬೀಳದ ಹಾಗೆ ಚಪ್ಪಲಿ ಮಾಡಿಸಲು ಅಳತೆಯನ್ನೂ ಕೊಡೋಣ. ಕಾರು ನಿನ್ನದು.

ದೊಡ್ಡಪ್ಪ: ಗುರುವಾರ ಒಂದು ಮದುವೆ ಇದೆ.

ಅತ್ತೆ: ಊಟದ ಹೊತ್ತಿಗೆ ಬಿಡುತ್ತೇವೆ. ಒಂಬತ್ತಕ್ಕೆ ಬಾ, ಚೀಟಿ ಮರೆಯಬೇಡ.