ಸಂಜೆ ಹೊತ್ತು ಶಟರ್ ಇಳಿಯುತ್ತಿಲ್ಲ, ಬೆಳಿಗ್ಗೆ ಸರಿಯಿರುತ್ತದೆ. ಏನಿರಬಹುದು?

ಮೋಕಾ ರೋಡ್ ಅಕ್ಕ:

ಎಲ್ಲರಿಗೂ ನಮಸ್ಕಾರ. ನಮ್ಮದು ಬಳ್ಳಾರಿ. ಮನೆ ಕೆಳಗೆ ಕಾರು ನಿಲ್ಲಿಸುವ ಜಾಗಕ್ಕೆ ಮೋಟಾರ್ ಶಟರ್ ಹಾಕಿಸಿದ್ದೇವೆ. ಕಾರಿನ ಪಕ್ಕದಲ್ಲೇ ನಮ್ಮ ಜೀನ್ಸ್ ಬಂಡಲ್‌ಗಳೂ ಇರುತ್ತವೆ. ಹೊಲಿದು ಬಂದ ಮಾಲು, ವಾಷಿಂಗ್‌ಗೆ ಹೋಗಬೇಕಾದ ಮಾಲು ಎಲ್ಲ ಅಲ್ಲೇ. ಹಾಗಾಗಿ ಶಟರ್ ತೆರೆದಿಟ್ಟು ಮೇಲೆ ಹೋಗಿ ಕೂರುವ ಹಾಗಿಲ್ಲ.

ಬೆಳಿಗ್ಗೆ ರಿಮೋಟ್ ಒತ್ತಿದರೆ ಏರುತ್ತದೆ, ಇಳಿಯುತ್ತದೆ, ಏನೂ ತಕರಾರಿಲ್ಲ. ಸಂಜೆ ನಾಲ್ಕೂವರೆ ಮೇಲೆ ಏರುವುದು ಮಾತ್ರ ಏರುತ್ತದೆ, ಇಳಿಯುವುದಿಲ್ಲ. ಒಂದು ಗೇಣು ಕೆಳಗೆ ಬಂದು ನಿಲ್ಲುತ್ತದೆ, ವಾಪಸ್ ಮೇಲಕ್ಕೆ ಹೋಗುತ್ತದೆ. ಕತ್ತಲಾದ ಮೇಲೆ ಮತ್ತೆ ಸರಿ. ದಸರಾ ಕಳೆದ ಮೇಲೆ ಶುರುವಾದ ಕಾಟ ಇದು. ಮಳೆಗಾಲದಲ್ಲಿ ಒಂದು ದಿನವೂ ಹೀಗೆ ಮಾಡಿರಲಿಲ್ಲ.

ಹಾಕಿದವರನ್ನು ಕರೆಸಿದೆ. ಬಂದದ್ದು ಬೆಳಿಗ್ಗೆ ಹನ್ನೊಂದಕ್ಕೆ! ಆಗ ಚೆನ್ನಾಗಿಯೇ ಇಳಿಯಿತು. "ಮೋಟಾರಿನ ಕಂಟ್ರೋಲ್ ಬೋರ್ಡ್ ವೀಕ್ ಆಗಿದೆ ಮೇಡಂ, ಬದಲಿಸೋಣ" ಅಂತ ಒಂದು ರೇಟ್ ಹೇಳಿ ಹೋದರು. ನಮ್ಮ ಅತ್ತೆಯವರದು ಬೇರೆಯೇ ಲೆಕ್ಕ. ದಕ್ಷಿಣದ ಬಾಗಿಲು ಅಲ್ವಾ, ಅದಕ್ಕೇ ಹಿಂಗೆ ಅಂತಾರೆ. ಬೋರ್ಡಿಗೆ ದುಡ್ಡು ಸುರಿಯುವ ಮೊದಲು ಗೊತ್ತಿದ್ದವರನ್ನು ಕೇಳೋಣ ಅಂತ ಬರೆದೆ.

ಸಂಡೂರಿನವ:

ಅಕ್ಕ, ಮೊದಲು ಶಟರ್ ಪಟ್ಟಿ ಓಡುವ ಎರಡೂ ಕಡೆಯ ಚಾನೆಲ್ ನೋಡಿ. ಅದಿರಿನ ಧೂಳು ನಮಗೆ ಹೇಳಿಕೊಡಬೇಕಾ? ಒಳಗೆ ಕೂತು ಪಟ್ಟಿ ಸಿಕ್ಕಿಕೊಳ್ಳುತ್ತದೆ. ಚೆನ್ನಾಗಿ ಗ್ರೀಸ್ ಹಚ್ಚಿಸಿ. ಅದಲ್ಲ ಅಂದರೆ ಸಂಜೆ ವೋಲ್ಟೇಜ್ ಬೀಳುತ್ತಿರಬೇಕು.

ಗಿಣಿಗೇರಾ ಎಲೆಕ್ಟ್ರಿಕಲ್:

ಕೆಳಗೆ ಸೆನ್ಸರ್ ಇದ್ದರೆ ಅದರದ್ದೇ ಕಾಟ. ಬೋರ್ಡಿನಲ್ಲಿ ಸೆನ್ಸರಿನ ಎರಡು ವೈರ್ ಬಿಚ್ಚಿ, ಆ ಜಾಗಕ್ಕೆ ಒಂದು ಜಂಪರ್, ಅಂದರೆ ತುಂಡು ವೈರ್, ಹಾಕಿಬಿಡಿ. ಸೆನ್ಸರ್ ಇದ್ದೂ ಇಲ್ಲದ ಹಾಗೆ. ಒಂದು ಗೋಡೌನ್‌ನಲ್ಲಿ ಹಾಗೇ ಮಾಡಿದ್ದೀನಿ, ಚೆನ್ನಾಗಿ ನಡೀತಿದೆ.

ಶಟರ್ ಕೆಲಸದವ, ರಾಯಚೂರು:

ಅಕ್ಕಾರೆ, ಬೋರ್ಡಿಗೆ ಈಗಲೇ ದುಡ್ಡು ಕೊಡಬೇಡಿ. ಅರ್ಧ ಉತ್ತರ ನೀವೇ ಬರೆದಿದ್ದೀರಿ. ಏರುತ್ತದೆ, ಇಳಿಯುವುದಿಲ್ಲ ಅಂತ. ಮೋಟಾರಿಗೆ ಕಷ್ಟ ಇರುವುದು ಏರಿಸುವುದರಲ್ಲಿ. ವೋಲ್ಟೇಜ್ ಕಮ್ಮಿ ಇದ್ದರೆ, ಮೋಟಾರ್ ತಿರುಗಲು ನೆರವಾಗುವ ಕೆಪಾಸಿಟರ್ ಸೋತಿದ್ದರೆ, ಏರುವಾಗಲೇ ಗುಂಯ್ ಅಂತ ನಿಂತುಬಿಡುತ್ತಿತ್ತು. ಸರಾಗವಾಗಿ ಏರುವ ಶಟರ್ ಇಳಿಯಲ್ಲ ಅಂದರೆ, ಅದಕ್ಕೆ ಯಾರೋ ಇಳೀಬೇಡ ಅಂತ ಹೇಳುತ್ತಿದ್ದಾರೆ. ಹೇಳುವುದು ಸೆನ್ಸರ್.

ಎರಡೂ ಕಂಬದಲ್ಲಿ ನೆಲದಿಂದ ಅರ್ಧ ಅಡಿ ಎತ್ತರಕ್ಕೆ ಸಣ್ಣ ಡಬ್ಬಿ ಇರುತ್ತವೆ ನೋಡಿ. ಒಂದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣ ಬಿಡುತ್ತದೆ, ಇನ್ನೊಂದು ಅದನ್ನು ಹಿಡಿಯುತ್ತದೆ, ಅದೇ ರಿಸೀವರ್. ಇಳಿಯುವಾಗ ಕಿರಣ ಸಿಗದಿದ್ದರೆ, ಕೆಳಗೆ ಏನೋ ಇದೆ ಅಂತ ತಿಳಿದು ಶಟರ್ ವಾಪಸ್ ಮೇಲಕ್ಕೆ ಹೋಗುತ್ತದೆ. ಏರುವಾಗ ಬೋರ್ಡ್ ಈ ಸೆನ್ಸರನ್ನು ಕೇಳುವುದೇ ಇಲ್ಲ.

ಬಿಸಿಲಿನಲ್ಲೂ ಇನ್‌ಫ್ರಾರೆಡ್ ಬೇಕಾದಷ್ಟಿದೆ. ಇಳಿಬಿಸಿಲು ನೇರ ರಿಸೀವರ್ ಕಣ್ಣಿಗೆ ಬಿದ್ದರೆ ಅದಕ್ಕೆ ತನ್ನ ಜೋಡಿಯ ಕಿರಣ ಗೊತ್ತಾಗುವುದಿಲ್ಲ. ಬೋರ್ಡಿಗೆ ಅದು ಏನೋ ಅಡ್ಡ ಬಂದ ಹಾಗೇ.

ದಸರಾ ಆದ ಮೇಲೇ ಯಾಕೆ ಅಂದರೆ, ಬೇಸಿಗೆ, ಮಳೆಗಾಲದಲ್ಲಿ ಸೂರ್ಯ ಪಶ್ಚಿಮಕ್ಕಿಂತ ಸ್ವಲ್ಪ ಉತ್ತರಕ್ಕೆ ಮುಳುಗುತ್ತಾನೆ. ನಿಮ್ಮ ಬಾಗಿಲು ದಕ್ಷಿಣಕ್ಕೆ, ಹಾಗಾಗಿ ಮನೆಯದೇ ನೆರಳು. ಸೆಪ್ಟೆಂಬರ್ ಕೊನೆಯಿಂದ ಸೂರ್ಯ ದಕ್ಷಿಣಕ್ಕೆ ಸರಿದು ಮುಳುಗುತ್ತಾನೆ, ಬಿಸಿಲು ಓರೆಯಾಗಿ ಬಾಗಿಲೊಳಗೆ ನುಗ್ಗಿ ಪೂರ್ವದ ಕಂಬಕ್ಕೆ ಬೀಳುತ್ತದೆ. ನಿಮ್ಮ ರಿಸೀವರ್ ಆ ಕಂಬದಲ್ಲೇ ಇರಬೇಕು, ನೋಡಿ ಹೇಳಿ. ಅತ್ತೆಯವರು ದಿಕ್ಕು ಸರಿಯಾಗಿಯೇ ಹಿಡಿದಿದ್ದಾರೆ, ವಾಸ್ತು ಮಾತ್ರ ಬಿಟ್ಟುಬಿಡಿ.

ಸಂಜೆ ಐದಕ್ಕೆ ಛತ್ರಿ ತಗೊಂಡು ಹೊರಗೆ ನಿಂತು, ನೆರಳು ರಿಸೀವರ್ ಮೇಲೆ ಬೀಳುವ ಹಾಗೆ ಹಿಡಿಯಿರಿ. ಕಿರಣಕ್ಕೆ ಮಾತ್ರ ಅಡ್ಡ ಬರಬೇಡಿ. ಆಗ ರಿಮೋಟ್ ಒತ್ತಿ.

ಗಿಣಿಗೇರಾ ತಮ್ಮ, ಜಂಪರ್ ಮಾತು ಮನೆ ಶಟರ್‌ಗೆ ಹೇಳಲೇಬೇಡಿ. ಬಂಡಲ್ ಎತ್ತಲು ಬಗ್ಗಿದವರಿರುತ್ತಾರೆ, ಕಾರಿನ ಹಿಂದೆ ಆಡುವ ಮಕ್ಕಳಿರುತ್ತಾರೆ, ನೆರಳಿಗೆ ಬಂದು ಮಲಗಿದ ನಾಯಿ ಇರುತ್ತದೆ. ಅಮೆರಿಕದಲ್ಲಿ ಮನೆ ಗ್ಯಾರೇಜ್ ಮೋಟಾರ್‌ಗಳಿಗೆ 1993ರಿಂದ ಇಂಥ ತಡೆ ಕಡ್ಡಾಯ. ಬಾಗಿಲ ಕೆಳಗೆ ಸಿಕ್ಕಿ ಮಕ್ಕಳು ಸತ್ತ ಮೇಲೆ ಬಂದ ಕಾನೂನು ಅದು.

ಸಂಡೂರಿನವರೇ, ಚಾನೆಲ್‌ಗೆ ಗ್ರೀಸ್ ಬೇಡ. ನಮ್ಮ ಧೂಳಿಗೆ ಅದು ಅಂಟಿನ ಹಾಗೆ. ಸ್ವಲ್ಪ ದಿನಕ್ಕೇ ಕೆಂಪು ರಾಡಿ ಕಟ್ಟಿ ಗಟ್ಟಿಯಾಗುತ್ತದೆ, ಆಮೇಲೆ ಸ್ಕ್ರೂಡ್ರೈವರ್ ಹಾಕಿ ಕೆರೆಯಬೇಕು. ಒಣ ಬಟ್ಟೆಯಲ್ಲಿ ಒರೆಸಿ ಸಿಲಿಕೋನ್ ಸ್ಪ್ರೇ ಹೊಡೆದರೆ ಸಾಕು.

ಮೋಕಾ ರೋಡ್ ಅಕ್ಕ:

ಸರ್, ರಿಸೀವರ್ ನೀವು ಹೇಳಿದ ಕಂಬದಲ್ಲೇ ಇದೆ. ಬಗ್ಗಿ ನೋಡಿದರೆ ಕಣ್ಣಿನ ಮೇಲೆ ಕೆಂಪು ಧೂಳು, ಅದರ ಮೇಲೆ ಜೀನ್ಸ್ ಬಟ್ಟೆಯ ನೀಲಿ ಜುಂಗು ಮೆತ್ತಿಕೊಂಡಿತ್ತು. ಅದನ್ನು ತೆಗೆದ ಮೇಲೂ ಬಿಸಿಲಿಗೆ ರಿಸೀವರಿನ ಹಸಿರು ಲೈಟ್ ಮಿಣುಕುತ್ತಲೇ ಇತ್ತು. ಛತ್ರಿ ಹಿಡಿದ ತಕ್ಷಣ ಮಿಣುಕುವುದು ನಿಂತಿತು. ರಿಮೋಟ್ ಒತ್ತಿದೆ, ಶಟರ್ ಇಳಿಯತೊಡಗಿತು. ಅರ್ಧಕ್ಕೆ ಬಂದಾಗ ಛತ್ರಿ ಸರಿಸಿದೆ, ವಾಪಸ್ ಮೇಲಕ್ಕೆ! ಅತ್ತೆಯವರೂ ನಿಂತು ನೋಡಿದರು. ಇನ್ನೊಮ್ಮೆ ಮಾಡು ಅಂದರು.

ಈಗ ಎರಡೂ ಡಬ್ಬಿ ಅದಲುಬದಲು ಮಾಡಿಸಿದರೆ ಆಯಿತಲ್ವಾ?

ಶಟರ್ ಕೆಲಸದವ, ರಾಯಚೂರು:

ಬೇಡ ಅಕ್ಕಾರೆ. ಬಾಗಿಲು ಪೂರ್ವಕ್ಕೋ ಪಶ್ಚಿಮಕ್ಕೋ ಇದ್ದರೆ ಆ ಮಾತು ಬೇರೆ. ದಕ್ಷಿಣದ ಬಾಗಿಲಿಗೆ ಚಳಿಗಾಲದಲ್ಲಿ ಬೆಳಿಗ್ಗೆಯ ಬಿಸಿಲು ಆಗ್ನೇಯದಿಂದ ಬರುತ್ತದೆ. ಬದಲು ಮಾಡಿದರೆ ಬೆಳಿಗ್ಗೆ ಏಳಕ್ಕೆ ಇದೇ ಕಥೆ.

ವೈರಿಂಗ್‌ಗೆ ಬಳಸುವ ಒಂದಿಂಚಿನ ಪಿವಿಸಿ ಪೈಪ್ ತಗೊಳ್ಳಿ. ಮೂರಿಂಚು ಉದ್ದದ ತುಂಡು ಸಾಕು. ಒಳಗೆ ಕಪ್ಪು ಬಣ್ಣ ಹಚ್ಚಿ, ಒಣಗಿದ ಮೇಲೆ ರಿಸೀವರ್ ಮುಂದೆ ಕೂರಿಸಿ. ಕಿರಣ ನೇರ ಬರುವುದರಿಂದ ಒಳಗೆ ಹೋಗುತ್ತದೆ. ಓರೆ ಬಿಸಿಲು ಪೈಪಿನ ಗೋಡೆಗೆ ಬಡಿದು ಅಲ್ಲೇ ಸಾಯುತ್ತದೆ. ಪೈಪನ್ನು ಬ್ರಾಕೆಟ್‌ಗೆ ಕಟ್ಟಿ, ಲೆನ್ಸ್‌ಗೆ ಗೋಂದು ತಾಗಿಸಬೇಡಿ. ಕೈ ಹಾಕುವ ಮೊದಲು ಮೇನ್ ಆಫ್. ಕಟ್ಟಿದ ಮೇಲೆ ಆನ್ ಮಾಡಿ ನೋಡಿ, ಲೈಟ್ ಮಿಣುಕಿದರೆ ಡಬ್ಬಿಯ ಸ್ಕ್ರೂ ಸಡಿಲಿಸಿ, ಮಿಣುಕುವುದು ನಿಲ್ಲುವ ತನಕ ಅತ್ತಿತ್ತ ಸ್ವಲ್ಪ ತಿರುಗಿಸಿ.

ಜುಂಗಿಗೆ ಒದ್ದೆ ಬಟ್ಟೆ ಬೇಡ. ಹೊಲಿಗೆ ಮಷಿನ್ ಕ್ಲೀನ್ ಮಾಡುವ ಬ್ರಷ್ ನಿಮ್ಮ ಹತ್ತಿರ ಇದ್ದೇ ಇರುತ್ತದಲ್ಲ, ಅದರಲ್ಲಿ ಮೆಲ್ಲಗೆ ತೆಗೆಯಿರಿ. ಧೂಳಿದ್ದಾಗಲೇ ಉಜ್ಜಿದರೆ ಪ್ಲಾಸ್ಟಿಕ್ ಲೆನ್ಸ್‌ಗೆ ಗೀರು ಬೀಳುತ್ತದೆ.

ಸಂಡೂರಿನವ:

ಸೆನ್ಸರ್ ವಿಷಯ ಒಪ್ಪಿದೆ. ಗ್ರೀಸ್ ವಿಷಯ ಒಪ್ಪಲ್ಲ. ನಮ್ಮ ಅಂಗಡಿಯ ಕೈ ಶಟರ್ ಅದರಲ್ಲೇ ಓಡ್ತಿದೆ.

ಮೋಕಾ ರೋಡ್ ಅಕ್ಕ:

ಪೈಪ್ ಕಟ್ಟಿದ್ದಾಯಿತು. ನಿನ್ನೆ ಐದಕ್ಕೂ ಇಳಿಯಿತು, ಇವತ್ತೂ ಇಳಿಯಿತು. ಬೋರ್ಡಿನವರು ಫೋನ್ ಮಾಡಿದ್ದರು, ಬೇಡ ಅಂದೆ. ಇನ್ನೊಂದು ಕೇಳಬೇಕಿತ್ತು ಸರ್. ಅರ್ಧದಲ್ಲಿ ಕರೆಂಟ್ ಹೋದರೆ ಚೈನ್ ಎಳೀಬೇಕು ಅಂದಿದ್ದರು. ಯಾವ ಕಡೆಯದು ಅಂತ ಹೇಳಲೇ ಇಲ್ಲ.

ಶಟರ್ ಕೆಲಸದವ, ರಾಯಚೂರು:

ಮೊದಲು ಮೇನ್ ಆಫ್ ಮಾಡಿ, ಚೈನ್ ಕೈಯಲ್ಲಿರುವಾಗ ಕರೆಂಟ್ ಬರಬಾರದು. ಚೈನಿನ ಒಂದು ಎಳೆ ಏರಿಸುತ್ತದೆ, ಇನ್ನೊಂದು ಇಳಿಸುತ್ತದೆ. ಸ್ವಲ್ಪ ಎಳೆದರೆ ಯಾವುದು ಅಂತ ಗೊತ್ತಾಗುತ್ತದೆ, ಅದಕ್ಕೆ ಪೇಂಟ್ ಗುರುತು ಹಾಕಿಡಿ. ಪಟ್ಟಿ ನೆಲ ಮುಟ್ಟಿದ ಮೇಲೆ ಎಳೆಯುವುದು ನಿಲ್ಲಿಸಿ. ಜಾಸ್ತಿ ಎಳೆದರೆ ಮೇಲೆ ಸುತ್ತು ಸಡಿಲವಾಗಿ, ಮುಂದಿನ ಸಲ ಏರುವಾಗ ಸಿಕ್ಕಿಕೊಳ್ಳುತ್ತದೆ.