ಪದಚರ್ಚೆ: ‘ಇಂಡಿಜಿನಸ್ ಸ್ಟಡೀಸ್’ ವಿಭಾಗಕ್ಕೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಅಮೆರಿಕ, ಕೆನಡಾದ ಕಾಲೇಜುಗಳಲ್ಲಿ ಅಲ್ಲಿನ ಮೂಲ ಜನರ ನುಡಿ, ಚರಿತ್ರೆ ಕಲಿಸುವ ವಿಭಾಗಗಳು ಹೇಗೆ ಹುಟ್ಟಿದವು ಅಂತ ಒಂದು ಲೇಖನ ಬರೆಯುತ್ತಿದ್ದೇನೆ. ವಿಭಾಗದ ಹೆಸರು ಬರೆಯುವಲ್ಲೇ ಪೆನ್ನು ನಿಂತಿದೆ.

ಮಿನೆಸೋಟ ವಿಶ್ವವಿದ್ಯಾಲಯದಲ್ಲಿ 1969ರಲ್ಲಿ ‘ಅಮೆರಿಕನ್ ಇಂಡಿಯನ್ ಸ್ಟಡೀಸ್’ ಶುರುವಾಯಿತು. ಅಲ್ಲಿ ಡಕೋಟಾ, ಒಜಿಬ್ವೆ ನುಡಿಗಳನ್ನು ಕಲಿಸುತ್ತಾರೆ. ಅದೇ ವರ್ಷ ಕೆನಡಾದ ಟ್ರೆಂಟ್ ವಿಶ್ವವಿದ್ಯಾಲಯದಲ್ಲಿ ಶುರುವಾದದ್ದರ ಹೆಸರು ‘ಇಂಡಿಯನ್-ಎಸ್ಕಿಮೊ ಸ್ಟಡೀಸ್’. ಆಮೇಲೆ ಅದು ‘ನೇಟಿವ್’ ಆಯಿತು, ಈಗ ‘ಇಂಡಿಜಿನಸ್’. ಇನ್ನು ಅರಿಜೋನದ ನವಾಹೊ ಜನ 1968ರಲ್ಲೇ ತಮ್ಮದೇ ಕಾಲೇಜು ಕಟ್ಟಿಕೊಂಡಿದ್ದರು. ಇವತ್ತು ಅದು ಡಿನೆ ಕಾಲೇಜು. ಡಿನೆ ಅಂದರೆ ಅವರು ತಮ್ಮನ್ನು ತಾವು ಕರೆದುಕೊಳ್ಳುವ ಹೆಸರು.

ಕನ್ನಡದಲ್ಲಿ ಕೈಗೆ ಮೊದಲು ಸಿಗುವುದು ‘ಬುಡಕಟ್ಟು ಅಧ್ಯಯನ’. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಈ ಹೆಸರಿನ ವಿಭಾಗವೇ ಇದೆ. ಆದರೆ ನವಾಹೊಗಳು ತಮ್ಮದು ‘ನೇಷನ್’ ಅನ್ನುತ್ತಾರೆ. ಅವರಿಗೆ ತಮ್ಮದೇ ಅಧ್ಯಕ್ಷ, ಕೋರ್ಟು, ಪೊಲೀಸರು ಇದ್ದಾರೆ. ಬುಡಕಟ್ಟು ಅಂದಾಗ ನಮ್ಮ ಓದುಗರಿಗೆ ಇದೆಲ್ಲ ಹೊಳೆಯುತ್ತದಾ? ‘ಗಿರಿಜನ’ ಬೇಡವೇ ಬೇಡ, ಬಯಲಿನಲ್ಲಿ ಬಾಳಿದವರನ್ನು ಸುಮ್ನೆ ಬೆಟ್ಟ ಹತ್ತಿಸಿದಂತಾಗುತ್ತದೆ. ‘ಸ್ಥಳೀಯ ಅಧ್ಯಯನ’ ಅಂದರೆ ಪಂಚಾಯ್ತಿ, ಪುರಸಭೆ ಬಗ್ಗೆ ಓದುವ ಕೋರ್ಸು ಅಂದುಕೊಂಡಾರು. ‘ಮೂಲನಿವಾಸಿ’ ಅರ್ಥಕ್ಕೆ ಹತ್ತಿರ, ಆದರೆ ನಮ್ಮಲ್ಲಿ ಅದಕ್ಕೆ ದಲಿತ-ಬಹುಜನ ಚಳವಳಿಯ ನಂಟು ಜಾಸ್ತಿ.

ನನ್ನ ಒಲವು ‘ಆದಿವಾಸಿ ಅಧ್ಯಯನ’ದ ಕಡೆಗೆ. ‘ಆದಿ’ ಅಂದರೆ ಹಿಂದುಳಿದವರು ಅನ್ನುವ ಧ್ವನಿ ಬರುತ್ತದೆ ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಆದಿವಾಸಿ ನಾಯಕ ಜೈಪಾಲ್ ಸಿಂಗ್ ಮುಂಡಾ ಈ ಪದಕ್ಕಾಗಿಯೇ ಪಟ್ಟು ಹಿಡಿದಿದ್ದರು. ಸಂವಿಧಾನದ ಅನುವಾದಗಳಲ್ಲಿ ‘ಆದಿಬಾಸಿ’ ಯಾಕಿಲ್ಲ, ‘ಬನಜಾತಿ’ (ಕಾಡಿನ ಜನ) ಯಾಕೆ ಅಂತ ಕೇಳಿದ್ದರು. ತಾವೇ ಬೇಕು ಅಂದ ಹೆಸರು ಅಲ್ವಾ? ತೊಡಕು ಏನೆಂದರೆ, ಆದಿವಾಸಿ ಅಂದ ಕೂಡಲೇ ನಮ್ಮವರಿಗೆ ಸೋಲಿಗರು, ಜೇನುಕುರುಬರೇ ನೆನಪಾಗುತ್ತಾರೆ. ‘ಅಮೆರಿಕದ ಆದಿವಾಸಿಗಳು’ ಅಂದರೆ ಸರಿಹೋಗಬಹುದಾ, ಹೇಳಿ.

ಇನ್ನೊಂದು ಪದ ‘ಎಲ್ಡರ್’. ಈ ವಿಭಾಗಗಳಲ್ಲಿ ಪಿಎಚ್‌ಡಿ ಆದವರ ಜೊತೆ ಎಲ್ಡರ್‌ಗಳೂ ಕಲಿಸುತ್ತಾರೆ. ವಯಸ್ಸಾದ ಮಾತ್ರಕ್ಕೆ ಯಾರೂ ಎಲ್ಡರ್ ಆಗುವುದಿಲ್ಲ, ತಮ್ಮ ಜನ ಒಪ್ಪಬೇಕು. ‘ಹಿರಿಯರು’ ಅಂದರೆ ಈ ತೂಕ ಬರುವುದಿಲ್ಲ. ಮೇಲಾಗಿ ಪಿತೃಪಕ್ಷದಲ್ಲಿ ಎಡೆ ಇಡುವುದೂ ಹಿರಿಯರಿಗೇ! ಸೋಲಿಗರಲ್ಲಿ ಪೋಡಿನ, ಅಂದರೆ ಅವರ ಊರಿನ, ನ್ಯಾಯ ತೀರಿಸುವವನು ‘ಯಜಮಾನ’. ಪದ ಚೆನ್ನಾಗಿದೆ, ಆದರೆ ಪೇಟೆಯಲ್ಲಿ ‘ನಮ್ಮ ಯಜಮಾನರು’ ಅಂದರೆ ಗಂಡ. ಅಲ್ಲಿನ ಎಲ್ಡರ್‌ಗಳಲ್ಲಿ ಹೆಂಗಸರೂ ಇದ್ದಾರೆ, ಅವರನ್ನು ‘ಯಜಮಾನಿ’ ಅಂದರೆ ಮನೆಯೊಡತಿ ಆಗಿಬಿಡುತ್ತಾರೆ.

ಎಚ್.ಡಿ. ಕೋಟೆ, ಕೊಡಗು, ಬಿಳಿಗಿರಿರಂಗನ ಬೆಟ್ಟದ ಕಡೆಯವರು ಯಾರಾದರೂ ಇದ್ದೀರಾ? ಹಾಡಿಗಳಲ್ಲಿ, ಪೋಡುಗಳಲ್ಲಿ ಹಾಡು, ಮದ್ದು, ಕಥೆ ಎಲ್ಲ ಬಲ್ಲ ಅಜ್ಜಿಯನ್ನು ಜನ ಏನಂತ ಕರೆಯುತ್ತಾರೆ? ಅಂಥ ಪದ ಸಿಕ್ಕರೆ ಅದನ್ನೇ ಬಳಸುತ್ತೇನೆ.